ದೇವಿಮನೆ ಘಟ್ಟದಲ್ಲಿ ಎರಡು ಕಾರು: ಸ್ಪೋರ್ಟಿ ಸೆಡಾನ್ ಮತ್ತು ಪುಟ್ಟ ಕೂಪೆಯನ್ನು ಓಡಿಸಿ ಹೋಲಿಸುವ ಸಮಗ್ರ ಮಾರ್ಗದರ್ಶಿ

ಕಾರವಾರದಲ್ಲಿರುವ ನನ್ನ ಭಾವ ಒಂದು ಹಳೆಯ ಆಡಿ ಟಿಟಿ ಕೊಂಡರು. ಅದು ಕೂಪೆ, ಅಂದರೆ ಎರಡು ಬಾಗಿಲಿನ ತಗ್ಗು ಕಾರು. 2015ರ ಮಾಡೆಲ್. ಶಿರಸಿಯ ನಮ್ಮ ಮನೆಯಲ್ಲಿ ಇರುವುದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅದು ಸೆಡಾನ್, ಅದೂ ಸೆಕೆಂಡ್ ಹ್ಯಾಂಡೇ. ಟಿಟಿ ಬಂದ ವಾರವೇ ಎರಡನ್ನೂ ಓಡಿಸಿ ನೋಡೋಣ ಅಂತ ಹೊರಟೆವು. ಕಾರವಾರದಿಂದ ಅಂಕೋಲಾವರೆಗೆ ಹೈವೇಯಲ್ಲಿ ಹೋಗಿ, ಕಾರು ಬದಲಿಸಿಕೊಂಡು ವಾಪಸ್ ಬಂದೆವು. ಮನೆ ಮುಟ್ಟಿದ ಮೇಲೆ ಇಬ್ಬರೂ ಹೇಳಿದ್ದು ಒಂದೇ ಮಾತು: "ಎರಡೂ ಒಂದೇ ಥರ ಓಡುತ್ತವೆ."

ಅದು ತಪ್ಪು. ಮುಂದಿನ ತಿಂಗಳು ಅದೇ ಎರಡು ಕಾರನ್ನು ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟಕ್ಕೆ ತಂದೆವು. ಮೂರನೇ ತಿರುವಿನಲ್ಲೇ ಅದು ಗೊತ್ತಾಯಿತು. ಅವತ್ತು ನಮ್ಮ ಸ್ಪೀಡು 40 ದಾಟಿರಲಿಲ್ಲ.

ಆಮೇಲೆ ಈ ಹೋಲಿಕೆಯನ್ನು ಬೇರೆ ಬೇರೆ ಸಲ ಮಾಡಿದ್ದೇವೆ. ಪ್ರತಿ ಸಲವೂ ಏನೋ ಒಂದು ಕಲಿತೆವು. ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಇರುವುದು ವರ್ಟಸ್ ಜಿಟಿ ಇರಬಹುದು, ವೆರ್ನಾ ಟರ್ಬೊ ಇರಬಹುದು, ಬಿಎಂಡಬ್ಲ್ಯು 3 ಸೀರೀಸ್ ಇರಬಹುದು. ಎದುರಿಗೆ ನಿಲ್ಲಿಸಲು ಕೂಪೆ ಸಿಗದಿದ್ದರೆ ಮೂರು ಬಾಗಿಲಿನ ಮಿನಿ ಕೂಪರ್ ಆದರೂ ಸಾಕು. ಕ್ರಮ ಬದಲಾಗುವುದಿಲ್ಲ.

ಹೆಜ್ಜೆ 1: ಜೋಡಿಯನ್ನು ಸರಿಯಾಗಿ ಆರಿಸಿ

ಎರಡು ಕಾರಿನ ಶಕ್ತಿಯಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಹೋಲಿಕೆ ಅಲ್ಲೇ ಕೆಡುತ್ತದೆ. ಪಿಕಪ್ ಜಾಸ್ತಿ ಇರುವ ಕಾರೇ ಚೆನ್ನಾಗಿದೆ ಅಂತ ಅನಿಸಿಬಿಡುತ್ತದೆ. ಅದರ ಅಬ್ಬರದಲ್ಲಿ ಕಾರಿನ ಸ್ವಭಾವ ಕಾಣುವುದೇ ಇಲ್ಲ.

ಈ ವಿಷಯದಲ್ಲಿ ನಮಗೆ ಅದೃಷ್ಟ ಇತ್ತು. ಟಿಟಿ ಮತ್ತು ಆಕ್ಟೇವಿಯಾ ಎರಡೂ ಫೋಕ್ಸ್‌ವ್ಯಾಗನ್ ಬಳಗದ ಎಂಕ್ಯೂಬಿ ಅನ್ನುವ ಒಂದೇ ಅಡಿಪಾಯದ ಮೇಲೆ ಕಟ್ಟಿದವು. ಎರಡಕ್ಕೂ ಒಂದೇ ಕುಟುಂಬದ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಎರಡರ ಶಕ್ತಿಯೂ 230 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯಷ್ಟೇ). ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಮಾತ್ರ ಆಕ್ಟೇವಿಯಾದಲ್ಲಿ 350, ಟಿಟಿಯಲ್ಲಿ 370 ನ್ಯೂಟನ್ ಮೀಟರ್. ಎರಡರಲ್ಲೂ ಎರಡು ಕ್ಲಚ್ಚಿನ 6 ಗೇರ್ ಆಟೋಮ್ಯಾಟಿಕ್ ಪೆಟ್ಟಿಗೆ. ಎಂಜಿನ್ ಎರಡರಲ್ಲೂ ಮುಂದೆ, ಅಡ್ಡವಾಗಿ ಕೂತಿದೆ. ಒಂದೇ ಮನೆಯ ಅಣ್ಣತಮ್ಮ ಅನ್ನಬಹುದು.

ಹಾಗಾದರೆ ಬೇರೆ ಏನು? ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಂತರ, ಅಂದರೆ ವೀಲ್‌ಬೇಸ್, ಆಕ್ಟೇವಿಯಾದಲ್ಲಿ 2680 ಮಿಲಿಮೀಟರ್. ಟಿಟಿಯಲ್ಲಿ 2505. ವ್ಯತ್ಯಾಸ ಒಂದು ಗೇಣಿಗಿಂತ ಕೊಂಚ ಕಡಿಮೆ. ಇಡೀ ಕಾರಿನ ಉದ್ದ ನೋಡಿದರೆ ಟಿಟಿ ಸುಮಾರು ಅರ್ಧ ಮೀಟರ್ ಗಿಡ್ಡ. ಅದರ ಹೊರಮೈ ಅಲ್ಯೂಮಿನಿಯಂ, ತಳ ಉಕ್ಕು. ಹಾಗಾಗಿ ಭಾರವೆಲ್ಲ ಕೆಳಗೇ ಇರುತ್ತದೆ. ಇಲ್ಲಿ ಮಾರಾಟವಾದ ಟಿಟಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಆಕ್ಟೇವಿಯಾ ಆರ್‌ಎಸ್‌ಗೆ ಮುಂದಿನ ಎರಡಕ್ಕೆ ಮಾತ್ರ.

ನಿಮ್ಮ ಜೋಡಿಗೂ ಇದೇ ರೀತಿ ಒಂದು ಚೀಟಿ ಬರೆದುಕೊಳ್ಳಿ. ಶಕ್ತಿ, ಟಾರ್ಕ್, ಭಾರ, ವೀಲ್‌ಬೇಸ್, ಯಾವ ಚಕ್ರ ಎಳೆಯುತ್ತದೆ. ಇಷ್ಟು ಸಾಕು. ವರ್ಟಸ್ ಮತ್ತು ಸ್ಲೇವಿಯಾದ ವೀಲ್‌ಬೇಸ್ 2651, ವೆರ್ನಾದ್ದು 2670. ಜಪಾನಿನ ಟೊಯೊಟಾ ಜಿಆರ್86 ಕೂಪೆಯದು 2575. ಅದು ನಮ್ಮಲ್ಲಿ ಮಾರಾಟಕ್ಕೆ ಬಂದಿಲ್ಲ, ಆದರೆ ಪುಟ್ಟ ಕೂಪೆ ಎಂದರೆ ಎಷ್ಟು ಪುಟ್ಟದು ಅನ್ನುವ ಅಂದಾಜಿಗೆ ಹೇಳಿದೆ.

ಆಕ್ಟೇವಿಯಾ ನಿಜವಾದ ಸೆಡಾನ್ ಅಲ್ಲ, ಅದರ ಹಿಂದಿನ ಗಾಜೂ ಡಿಕ್ಕಿಯ ಜೊತೆ ಮೇಲೇಳುತ್ತದೆ ಅಂತ ಕೆಲವರು ಹೇಳುತ್ತಾರೆ. ಮಾತು ಸರಿಯೇ. ಆದರೆ ಓಡಿಸುವಾಗ ಅದು ಸೆಡಾನೇ.

ಹೆಜ್ಜೆ 2: ಟೈರು ಒಂದು ಮಟ್ಟಕ್ಕೆ ಬರುವವರೆಗೆ ಕಾರು ಹೊರಡಿಸಬೇಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ನಾವೂ ಹಾರಿಸಿದ್ದೆವು. ಎರಡನೇ ಸಲ ಘಟ್ಟಕ್ಕೆ ಹೋದಾಗ ಟಿಟಿ ಪ್ರತಿ ಹೊಂಡಕ್ಕೂ ಕುಣಿಯುತ್ತಿತ್ತು. ಸಣ್ಣ ಕಾರು, ಬಿಗಿ ಸಸ್ಪೆನ್ಷನ್, ಹಾಗೇ ಇರುತ್ತದೆ ಅಂದುಕೊಂಡು ನೋಟ್ ಪುಸ್ತಕದಲ್ಲೂ ಬರೆದೆವು. ಕುಮಟಾಕ್ಕೆ ಬಂದ ಮೇಲೆ ಸಂಶಯ ಬಂದು ಗಾಳಿ ನೋಡಿದರೆ ನಾಲ್ಕೂ ಟೈರಿನಲ್ಲಿ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮೇಲೆ ಇತ್ತು. ದಾರಿಯಲ್ಲಿ ಒಂದು ಅಂಗಡಿಯವರು ಕೇಳದೇ ತುಂಬಿಸಿಬಿಟ್ಟಿದ್ದರು. ಟೈರು ಆರಿದ ಮೇಲೆ ಕಂಪನಿ ಹೇಳಿದಷ್ಟಕ್ಕೆ ಇಳಿಸಿದೆವು. ಅದೇ ರಸ್ತೆಯಲ್ಲಿ ಅದೇ ಕಾರು ಬೇರೆ ಕಾರಾಯಿತು. ಬರೆದ ಒಂದು ಪುಟ ಪೂರ್ತಿ ಹೊಡೆದು ಹಾಕಬೇಕಾಯಿತು.

ಹಾಗಾಗಿ ಹೀಗೆ ಮಾಡಿ. ಬೆಳಿಗ್ಗೆ ಕಾರು ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುತ್ತಾರೆ. ಎರಡು ಕಾರಿಗೂ ಒಂದೇ ಸಂಖ್ಯೆ ಇರಬೇಕು ಅಂತಿಲ್ಲ. ಅದರದರ ಸಂಖ್ಯೆ ಅದಕ್ಕಿರಲಿ. ಅಳೆಯುವ ಮೀಟರ್ ಮಾತ್ರ ಎರಡಕ್ಕೂ ಒಂದೇ ಇರಲಿ. ಒಂದೊಂದು ಅಂಗಡಿಯ ಮೀಟರ್ ಒಂದೊಂದು ತೋರಿಸುತ್ತದೆ. ನಾನು ಒಂದು ಸಣ್ಣ ಮೀಟರ್ ತಂದು ಕಾರಿನಲ್ಲೇ ಇಟ್ಟಿದ್ದೇನೆ.

ಹತ್ತು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಚಳಿಗಾಲದ ಬೆಳಿಗ್ಗೆ ಶಿರಸಿಯಲ್ಲಿ ನೋಡಿದ ಗಾಳಿಗೂ ಮಧ್ಯಾಹ್ನ ಕಾರವಾರದ ಸೆಕೆಯಲ್ಲಿ ನೋಡಿದ ಗಾಳಿಗೂ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.

ಆಮೇಲೆ ಟೈರಿನ ವಯಸ್ಸು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಕಾರಿನಲ್ಲಿ ಹೊಸ ಟೈರು, ಇನ್ನೊಂದರಲ್ಲಿ ಆರೇಳು ವರ್ಷದ ಗಟ್ಟಿಯಾದ ಟೈರು ಇದ್ದರೆ ನೀವು ಹೋಲಿಸುತ್ತಿರುವುದು ಟೈರನ್ನು, ಕಾರನ್ನಲ್ಲ. ತೋಡು 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಾನೂನೇ ಒಪ್ಪುವುದಿಲ್ಲ. ನಮ್ಮ ಮಳೆಗೆ ನಾನು 3 ಮಿಲಿಮೀಟರ್‌ಗೇ ಬದಲಿಸುತ್ತೇನೆ.

ಪೆಟ್ರೋಲ್ ಎರಡರಲ್ಲೂ ಸುಮಾರು ಅರ್ಧ ಟ್ಯಾಂಕ್ ಇರಲಿ. ಡಿಕ್ಕಿ ಖಾಲಿ ಮಾಡಿ. ನಮ್ಮ ಡಿಕ್ಕಿಯಲ್ಲಿ ಒಂದು ಸಲ ಅರ್ಧ ಚೀಲ ಗೊಬ್ಬರ ಉಳಿದಿತ್ತು, ಭಾವನೇ ಕಂಡುಹಿಡಿದರು.

ಹೆಜ್ಜೆ 3: ಓಡಿಸುವ ಮೊದಲು ಕೂತು ನೋಡಿ

ಕೂಪೆಯಲ್ಲಿ ಕೂರುವುದೇ ಒಂದು ಬೇರೆ ಅನುಭವ. ನಮ್ಮ ಆಯಿ ಟಿಟಿಯ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತು ನೋಡಿ, "ಇದು ಹತ್ತೂ ಕಾರಲ್ಲ ತಮಾ, ಇಳಿಯೂ ಕಾರು" ಅಂದಳು. ಸೀಟು ಅಷ್ಟು ಕೆಳಗಿದೆ. ಕಾಲು ಮುಂದಕ್ಕೆ ಚಾಚಿಯೇ ಕೂರಬೇಕು. ಬಾಗಿಲು ಉದ್ದ. ನಮ್ಮ ಪೇಟೆಯಲ್ಲಿ ಎರಡು ಗಾಡಿಯ ನಡುವೆ ನಿಲ್ಲಿಸಿದರೆ ಇಳಿಯುವುದು ಕಷ್ಟ.

ಸೀಟು ಹೊಂದಿಸುವ ಕ್ರಮ ಎರಡರಲ್ಲೂ ಒಂದೇ ಇರಲಿ. ಬ್ರೇಕ್ ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಬೆನ್ನು ಸೀಟಿಗೆ ಅಂಟಿದ್ದಾಗ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು. ಇಷ್ಟು ಸರಿ ಮಾಡದೇ ಹೊರಟರೆ ಒಂದು ಕಾರಿನ ಸ್ಟೇರಿಂಗ್ ಸುಮ್ನೆ ಭಾರ ಅನಿಸುತ್ತದೆ.

ಈಗ ನಿಂತಲ್ಲೇ ಸುತ್ತ ನೋಡಿ. ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ಅಡ್ಡ ಬರುತ್ತದೆ? ಬಲಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ರಸ್ತೆ ಆ ಕಂಬದ ಹಿಂದೆಯೇ ಅಡಗುತ್ತದೆ. ಕೂಪೆಯಲ್ಲಿ ಹಿಂದಿನ ಗಾಜು ಚಿಕ್ಕದು, ಓರೆ. ಹಿಂದೆ ಬರುವ ಬೈಕು ಕಾಣಲು ಕನ್ನಡಿಯೇ ಗತಿ. ಟಿಟಿಯ ಹಿಂದಿನ ಸೀಟು ಇದೆ ಅಂತ ಹೇಳಲು ಇದೆ, ದೊಡ್ಡವರಿಗೆ ತಲೆ ಎತ್ತಲಾಗದು.

ಹೆಜ್ಜೆ 4: ರಸ್ತೆ ಆರಿಸುವುದು, ಮತ್ತು 40ರ ಲೆಕ್ಕ

ಇದು ಮುಖ್ಯವಾದ ಹೆಜ್ಜೆ. ನಮ್ಮ ಮೊದಲ ಹೋಲಿಕೆ ಯಾಕೆ ಹಾಳಾಯಿತು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ.

ತಿರುವಿನಲ್ಲಿ ಕಾರು ಹೊರಗೆ ಎಳೆಯುತ್ತದಲ್ವಾ? ಆ ಎಳೆತವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವುದನ್ನು ಅದರಿಂದಲೇ ಗುಣಿಸಿ. ತಿರುವಿನ ತ್ರಿಜ್ಯವನ್ನು ಮೀಟರಿನಲ್ಲಿ ತೆಗೆದುಕೊಂಡು 127ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬರುವ ಉತ್ತರ ಕಾರಿನ ಭಾರದ ಎಷ್ಟು ಪಾಲು ಬದಿಗೆ ಎಳೆಯುತ್ತಿದೆ ಅನ್ನುವುದನ್ನು ಹೇಳುತ್ತದೆ.

ಹೈವೇಯಲ್ಲಿ 400 ಮೀಟರ್ ತ್ರಿಜ್ಯದ ಒಂದು ತಿರುವು ತೆಗೆದುಕೊಳ್ಳಿ. 100ರಲ್ಲಿ ಹೋದರೆ ಎಳೆತ ಕಾರಿನ ಭಾರದ ನೂರಕ್ಕೆ 20 ಪಾಲು. ಘಟ್ಟದಲ್ಲಿ 30 ಮೀಟರ್ ತ್ರಿಜ್ಯದ ತಿರುವನ್ನು 40ರಲ್ಲಿ ತೆಗೆದುಕೊಂಡರೆ? ನೂರಕ್ಕೆ 42. ಹೈವೇಯ 100ಕ್ಕಿಂತ ಘಟ್ಟದ 40 ಟೈರಿಗೆ ಎರಡು ಪಟ್ಟು ಕೆಲಸ ಕೊಡುತ್ತದೆ! ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಹಾಕಿದಾಗ ನಾನು ಮೂರು ಸಲ ಪರೀಕ್ಷಿಸಿದೆ.

ಹೈವೇಯಲ್ಲಿ ನಮಗೆ ಎರಡೂ ಕಾರು ಒಂದೇ ಅನಿಸಿದ್ದು ಇದಕ್ಕೇ. ಅಲ್ಲಿ ಎರಡಕ್ಕೂ ಕೆಲಸವೇ ಇರಲಿಲ್ಲ.

ಅದೇ ಘಟ್ಟದ ತಿರುವಿನಲ್ಲಿ 50ಕ್ಕೆ ಏರಿಸಿದರೆ ಎಳೆತ ನೂರಕ್ಕೆ 66 ಆಗುತ್ತದೆ. ಹತ್ತೇ ಕಿಲೋಮೀಟರ್‌ಗೆ ಇಷ್ಟು ಏರಿಕೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರು ನೂರಕ್ಕೆ 80–90ರವರೆಗೆ ತಡೆಯಬಹುದು. ಆದರೆ ಕೆಂಪು ಮಣ್ಣು, ಅಡಿಕೆ ಹಾಳೆ, ಲಾರಿಯಿಂದ ಸೋರಿದ ಡೀಸೆಲ್ ಬಿದ್ದ ರಸ್ತೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಒಣ ದಿನದಲ್ಲೂ 40 ನಮ್ಮ ಗಡಿ. ಕಾರಿನ ಗುಣ ಪೂರ್ತಿ ಕಾಣಲು ಅಷ್ಟು ಸಾಕು, ಎದುರಿಗೆ ಬಸ್ಸು ಬಂದರೆ ನಿಲ್ಲಿಸಲೂ ಆಗುತ್ತದೆ.

ತಿರುವಿನ ತ್ರಿಜ್ಯ ತಿಳಿಯಲು ಫೋನಿನ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು, ತಿರುವಿಗೆ ಹೊಂದುವ ವೃತ್ತವನ್ನು ಊಹಿಸಿ, ಅದರ ಅಡ್ಡಗಲ ಅಳೆದು ಅರ್ಧ ಮಾಡಿ. ಅಂದಾಜು ಸಾಕು.

ನಾವು ಆರಿಸಿದ ದಾರಿ ಶಿರಸಿ–ಕುಮಟಾ. ಸುಮಾರು 60 ಕಿಲೋಮೀಟರ್. ನಿಲೇಕಣಿ ದಾಟಿ, ಅಮ್ಮಿನಳ್ಳಿ, ರಾಗಿಹೊಸಳ್ಳಿ, ಬಂಡಲ್ ಕಡೆಯಿಂದ ದೇವಿಮನೆ. ಅಲ್ಲಿಂದ ಘಟ್ಟ ಇಳಿದರೆ ಕತಗಾಲ. ಆಮೇಲೆ ದೀವಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ. ಒಂದೇ ದಾರಿಯಲ್ಲಿ ಪೇಟೆ, ಕಾಡಿನ ಸಣ್ಣ ತಿರುವು, ಘಟ್ಟ, ಹೈವೇ ಎಲ್ಲ ಬರುತ್ತವೆ. ಈ ರಸ್ತೆಯ ಅಗಲೀಕರಣದ ಕೆಲಸ ವರ್ಷಗಟ್ಟಲೆ ನಡೆದಿದೆ. ಹಾಗಾಗಿ ಹೊರಡುವ ಮೊದಲು ರಸ್ತೆ ತೆರೆದಿದೆಯಾ ಅಂತ ಊರಿನವರನ್ನು ಕೇಳಿಕೊಳ್ಳಿ. ಅರಬೈಲ್ ಘಟ್ಟವೂ ಇದೆ, ಆದರೆ ಅಂಕೋಲಾ–ಯಲ್ಲಾಪುರ ರಸ್ತೆಯಲ್ಲಿ ಲಾರಿಗಳ ಸಾಲು ಜಾಸ್ತಿ. ಈ ಕೆಲಸಕ್ಕೆ ಅದು ಬೇಡ. ಹೊನ್ನಾವರದಿಂದ ಗೇರುಸೊಪ್ಪ ಘಟ್ಟ ಹತ್ತುವ ದಾರಿ ಒಳ್ಳೆಯದು.

ಹೆಜ್ಜೆ 5: ಮೊದಲು ಒಂದು ಕಾರು, ಆಮೇಲೆ ಇನ್ನೊಂದು, ಮತ್ತೆ ಮೊದಲಿನದು

ಒಂದು ಕಾರು ಓಡಿಸಿ, ಇನ್ನೊಂದು ಓಡಿಸಿ, ತೀರ್ಪು ಕೊಡಬೇಡಿ. ಕೂಪೆಯಿಂದ ಇಳಿದ ಕೂಡಲೇ ಸೆಡಾನ್ ದೋಣಿಯ ಹಾಗೆ ಅನಿಸುತ್ತದೆ. ಅರ್ಧ ಗಂಟೆ ಕಳೆದರೆ ಹಾಗೆ ಅನಿಸುವುದಿಲ್ಲ. ಸೆಡಾನ್, ಕೂಪೆ, ಮತ್ತೆ ಸೆಡಾನ್. ಈ ಮೂರನೆಯ ಸುತ್ತಿನಲ್ಲೇ ನಿಜ ಗೊತ್ತಾಗುವುದು. ಇಬ್ಬರು ಇದ್ದರೆ ಇಬ್ಬರೂ ಹೀಗೆ ಮಾಡಿ. ಬರೆಯುವುದು ಕಾರು ನಿಲ್ಲಿಸಿದ ಮೇಲೆ, ಒಬ್ಬರದನ್ನು ಇನ್ನೊಬ್ಬರು ನೋಡದೆ.

ಎರಡರಲ್ಲೂ ಡ್ರೈವ್ ಮೋಡ್ ನಾರ್ಮಲ್‌ನಲ್ಲಿರಲಿ. ಘಟ್ಟದಲ್ಲಿ ಗೇರ್ ಮ್ಯಾನುಯಲ್‌ಗೆ ಹಾಕಿ ಎರಡನೇ ಗೇರಿನಲ್ಲೇ ಇಡಿ. ಇಲ್ಲದಿದ್ದರೆ ತಿರುವಿನ ನಡುವೆ ಗೇರ್ ತಾನೇ ಬದಲಾಗಿ ಗೊಂದಲ ಮಾಡುತ್ತದೆ. ಸ್ಪೀಡು ನೋಡಲು ಎರಡರಲ್ಲೂ ಫೋನಿನ ಜಿಪಿಎಸ್ ಬಳಸಿ. ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಎರಡು ಕಾರು ಒಂದೇ ಅಳತೆಯಲ್ಲಿ ತೋರಿಸುವುದಿಲ್ಲ. ಫೋನು ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಕಾರು ಜಾರದಂತೆ ತಡೆಯುವ ಇಎಸ್‌ಸಿಯ ಬಟನ್ ಮುಟ್ಟಲೇ ಬೇಡಿ.

ಪೇಟೆಯಲ್ಲಿ ಮೊದಲ ಐದು ಕಿಲೋಮೀಟರ್ ಸುಮ್ನೆ ಓಡಿಸಿ. ಹಂಪ್ ಬಂದಾಗ ಗಮನ ಕೊಡಿ. ಕೂಪೆಯ ಮುಂದಿನ ಚಕ್ರ ಇಳಿಯುತ್ತಿದ್ದಂತೆ ಹಿಂದಿನದು ಹತ್ತಿಬಿಡುತ್ತದೆ. ಹಿಂದಿನ ಚಕ್ರ ನಿಮ್ಮ ಬೆನ್ನಿಗೆ ಹತ್ತಿರ. ಪೆಟ್ಟು ಸೊಂಟಕ್ಕೆ ನೇರ ಬರುತ್ತದೆ. ಸೆಡಾನ್‌ನಲ್ಲಿ ಎರಡು ಪೆಟ್ಟಿನ ನಡುವೆ ಉಸಿರು ಬಿಡಲು ಸಮಯ ಇದೆ. ಆದರೆ ಹಂಪ್ ಎತ್ತರ ಇದ್ದರೆ ಉದ್ದ ವೀಲ್‌ಬೇಸಿನ ಕಾರಿನ ಹೊಟ್ಟೆ ತಾಗುವ ಸಂಭವ ಜಾಸ್ತಿ. ನೆಲದಿಂದ ಎತ್ತರ ಎರಡಕ್ಕೂ ಒಂದೇ ಇದ್ದರೆ, ಗಿಡ್ಡ ಕಾರು ದಾಟುವ ಹಂಪನ್ನು ಉದ್ದ ಕಾರು ಉಜ್ಜುತ್ತದೆ. ಕೂಪೆಗೆ ಅಪಾಯ ಇರುವುದು ಮುಂದಿನ ತುಟಿಗೆ. ಹಳ್ಳಿ ರಸ್ತೆಯಿಂದ ಡಾಂಬರು ರಸ್ತೆಗೆ ಹತ್ತುವಾಗ ಓರೆಯಾಗಿ ಹತ್ತಿಸಿ.

ಹೆಜ್ಜೆ 6: ಘಟ್ಟ

ದೇವಿಮನೆಯಲ್ಲಿ ಒಂದು ಐದು ನಿಮಿಷ ನಿಲ್ಲಿಸಿ. ಘಟ್ಟ ಇಳಿಯುವ ಚಾಲಕರು ದೇವಿಗೆ ಕೈ ಮುಗಿದು ಹೋಗುತ್ತಾರೆ. ನಾವೂ ಹಾಗೆಯೇ. ಎಂಜಿನ್, ಬ್ರೇಕ್ ಸ್ವಲ್ಪ ತಣಿಯಲಿ.

ಎರಡು ತಿರುವು ಮಾತ್ರ ಆರಿಸಿಕೊಳ್ಳಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಎದುರಿನ ರಸ್ತೆ ಸ್ಪಷ್ಟ ಕಾಣುವಂಥವು. ಬೇರೆಲ್ಲ ತಿರುವುಗಳಲ್ಲಿ ಸುಮ್ನೆ ಓಡಿಸಿ. ಹಿಂದೆ ಯಾರಾದರೂ ಬಂದರೆ ಸೈಡ್ ಕೊಟ್ಟುಬಿಡಿ. ಎದುರಿನಿಂದ ವಾಯವ್ಯ ಸಾರಿಗೆ ಬಸ್ಸು ಬಂದರೆ ಹೇರ್‌ಪಿನ್‌ನಲ್ಲಿ ಅದಕ್ಕೆ ಇಡೀ ರಸ್ತೆ ಬೇಕಾಗುತ್ತದೆ. ಮೇಲೆಯೇ ನಿಂತು ಅದು ದಾಟಿದ ಮೇಲೆ ಇಳಿಯಿರಿ. ನಿಮ್ಮ ಬದಿ ಬಿಟ್ಟು ಆಚೆ ಹೋಗುವ ಪರೀಕ್ಷೆ ಯಾವುದೂ ಇಲ್ಲ.

ಮೊದಲು ತಿರುವಿನ ಬಾಯಿ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು 35ಕ್ಕೆ ಇಳಿಸಿ. ಬ್ರೇಕ್ ಬಿಟ್ಟು ಸ್ಟೇರಿಂಗ್ ತಿರುಗಿಸಿ. ಆ ಮೊದಲ ಕ್ಷಣದಲ್ಲಿ ಏನಾಗುತ್ತದೆ ಅನ್ನುವುದೇ ಎಲ್ಲ. ಟಿಟಿಯಲ್ಲಿ ಕೈ ಮತ್ತು ಮೂತಿ ಒಟ್ಟಿಗೇ ತಿರುಗುತ್ತವೆ. ನಡುವೆ ಬಿಡುವೇ ಇಲ್ಲ. ಕಾರು ನಿಮ್ಮ ಸೊಂಟದ ಸುತ್ತ ತಿರುಗಿದ ಹಾಗೆ ಅನಿಸುತ್ತದೆ. ಆಕ್ಟೇವಿಯಾದಲ್ಲಿ ಮೊದಲು ಮೂತಿ ತಿರುಗುತ್ತದೆ, ಆಮೇಲೆ ಮೈ ಸ್ವಲ್ಪ ಹೊರಗೆ ವಾಲುತ್ತದೆ, ಕೊನೆಗೆ ಹಿಂಭಾಗ ಹಿಂಬಾಲಿಸುತ್ತದೆ. ಮೂರು ಕೆಲಸ ಒಂದರ ಹಿಂದೆ ಒಂದು. ಇಡೀ ಕಾರು ಒಂದು ಸಾಲಿಗೆ ಬರಲು ಒಂದು ಗಳಿಗೆ ಬೇಕು. ಒಂದೇ ಎಂಜಿನ್, ಒಂದೇ ಅಡಿಪಾಯ, ಆದರೂ ಇಷ್ಟು ಬೇರೆ. ಇದಕ್ಕೆ ಕಾರಣ ಗಿಡ್ಡ ವೀಲ್‌ಬೇಸ್ ಒಂದೇ ಅಲ್ಲ. ಮುಂದೆ ಮತ್ತು ಹಿಂದೆ ಚಾಚಿಕೊಂಡಿರುವ ಭಾರವೂ ಕಡಿಮೆ. ಉದ್ದದ ಬಿದಿರುಗಳುವನ್ನು ನಡುವೆ ಹಿಡಿದು ತಿರುಗಿಸಿ ನೋಡಿ, ಆಮೇಲೆ ಅದನ್ನೇ ಅರ್ಧಕ್ಕೆ ಕಡಿದು ತಿರುಗಿಸಿ ನೋಡಿ.

ಎರಡನೆಯದು ತಿರುವಿನ ಹೊಟ್ಟೆ. ಇಲ್ಲಿ ಸ್ಟೇರಿಂಗ್ ಅಲ್ಲಾಡಿಸದೆ, ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ಹಿಡಿದು ಹೋಗಿ. ರಸ್ತೆಯಲ್ಲಿ ಒಂದು ತೇಪೆ ಸಿಕ್ಕೇ ಸಿಗುತ್ತದೆ. ಸಿಕ್ಕಾಗ ಕಾರು ಏನು ಮಾಡುತ್ತದೆ? ಕೂಪೆ ಒಂದು ಇಂಚು ಪಕ್ಕಕ್ಕೆ ಹಾರಿದಂತೆ ಮಾಡುತ್ತದೆ, ಕೂಡಲೇ ಹಿಡಿತ ಸಿಗುತ್ತದೆ. ಸೆಡಾನ್ ತೇಪೆಯನ್ನು ನುಂಗಿಕೊಂಡು ಹೋಗುತ್ತದೆ. ಇಲ್ಲಿ ನನ್ನ ಅಂಕ ಸೆಡಾನ್‌ಗೆ. ನಮ್ಮ ರಸ್ತೆಯಲ್ಲಿ ತೇಪೆ ಇಲ್ಲದ ತಿರುವೇ ಕಡಿಮೆ.

ಮೂರನೆಯದು ಹೊರಬರುವುದು. ಇದನ್ನು ಘಟ್ಟ ಹತ್ತುವಾಗ ನೋಡಬೇಕು. ತಿರುವು ಬಿಚ್ಚುತ್ತಿದ್ದಂತೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಈ ಎಂಜಿನ್‌ಗಳಲ್ಲಿ ಪೂರ್ತಿ ಟಾರ್ಕ್ 1,600 ಆರ್‌ಪಿಎಂ ಸುತ್ತಮುತ್ತಲೇ ಸಿಗುತ್ತದೆ, ಹಾಗಾಗಿ ಸ್ವಲ್ಪ ಒತ್ತಿದರೂ ಕಾರು ಜಿಗಿಯುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರವಾಗುತ್ತದೆ. ಆಕ್ಟೇವಿಯಾ ಎಳೆಯುವುದೂ ತಿರುಗಿಸುವುದೂ ಅದೇ ಹಗುರಾದ ಚಕ್ರದಲ್ಲಿ. ಒಳಬದಿಯ ಚಕ್ರ ಕಿರ್ ಅನ್ನುತ್ತದೆ, ಸ್ಟೇರಿಂಗ್ ಕೈಯಲ್ಲಿ ಜಗ್ಗುತ್ತದೆ, ದಾರಿ ಸ್ವಲ್ಪ ಅಗಲವಾಗುತ್ತದೆ. ಟಿಟಿಯಲ್ಲಿ ಹಿಂದಿನ ಚಕ್ರಗಳೂ ತಳ್ಳುವುದರಿಂದ ಸದ್ದಿಲ್ಲದೆ ಏರಿಬಿಡುತ್ತದೆ. ಕಂಪನಿ ಹೇಳುವ ಲೆಕ್ಕದಲ್ಲಿ ಸೊನ್ನೆಯಿಂದ 100ಕ್ಕೆ ಟಿಟಿಗೆ 5.3 ಸೆಕೆಂಡು, ಆಕ್ಟೇವಿಯಾಗೆ 6.8. ಶಕ್ತಿ ಒಂದೇ ಇದ್ದೂ ಒಂದೂವರೆ ಸೆಕೆಂಡು ಯಾಕೆ ಬೇರೆ ಅನ್ನುವುದಕ್ಕೆ ಈ ಏರಿನ ತಿರುವಿನಲ್ಲೇ ಉತ್ತರ ಸಿಗುತ್ತದೆ. ಹಿಂದಿನ ಚಕ್ರ ಮಾತ್ರ ಎಳೆಯುವ ಬಿಎಂಡಬ್ಲ್ಯು ಥರದ ಸೆಡಾನ್ ನಿಮ್ಮದಾದರೆ ಇಲ್ಲಿ ಫಲಿತಾಂಶವೇ ಬೇರೆ ಬರುತ್ತದೆ.

ನಾಲ್ಕನೆಯದು ಬಹಳ ಜಾಗ್ರತೆಯಿಂದ ಮಾಡುವಂಥದ್ದು. ಒಣ ರಸ್ತೆಯಲ್ಲಿ, 30ರಲ್ಲಿ, ಅದಕ್ಕಿಂತ ಜಾಸ್ತಿ ಬೇಡ. ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ಎತ್ತಿ. ಭಾರ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರವಾಗುತ್ತದೆ, ಕಾರು ತಾನೇ ಸ್ವಲ್ಪ ಒಳಗೆ ತಿರುಗುತ್ತದೆ. ಸೆಡಾನ್‌ನಲ್ಲಿ ಇದು ಗೊತ್ತಾದರೂ ಆಯಿತು, ಇಲ್ಲದಿದ್ದರೂ ಆಯಿತು. ಗಿಡ್ಡ ಕೂಪೆಯಲ್ಲಿ ಸ್ಪಷ್ಟ ಗೊತ್ತಾಗುತ್ತದೆ. ಈ ಗುಣವನ್ನು ಹಗುರವಾಗಿ ನೋಡಬೇಡಿ. 1998ರಲ್ಲಿ ಬಂದ ಮೊದಲ ಟಿಟಿ ಜರ್ಮನಿಯ ಆಟೋಬಾನ್‌ನಲ್ಲಿ ಹೆಚ್ಚಿನ ಸ್ಪೀಡಿನಲ್ಲಿ ಹಿಡಿತ ತಪ್ಪಿ ಅಪಘಾತಗಳಾದವು, ಜೀವಗಳು ಹೋದವು. ಕಂಪನಿ ಆಮೇಲೆ ಮಾರಿದ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಒಂದು ಸಣ್ಣ ಸ್ಪಾಯ್ಲರ್ ಹಾಕಿತು, ಇಎಸ್‌ಪಿ (ಇಎಸ್‌ಸಿಯ ಇನ್ನೊಂದು ಹೆಸರು) ಸೇರಿಸಿತು, ಸಸ್ಪೆನ್ಷನ್ ಬದಲಿಸಿತು. ನಮ್ಮ ಭಾವನ ಕಾರು ಮೂರನೇ ತಲೆಮಾರಿನದು, ಅದರಲ್ಲಿ ಇದೆಲ್ಲ ಹುಟ್ಟಿನಿಂದಲೇ ಇದೆ. ಆದರೂ ವೇಗದ ತಿರುವಿನಲ್ಲಿ ಗಾಬರಿಯಿಂದ ಕಾಲು ಎತ್ತುವ ಅಭ್ಯಾಸ ಇರುವವರು ಕೂಪೆ ಕೊಳ್ಳುವ ಮೊದಲು ಆ ಅಭ್ಯಾಸ ಬಿಡಬೇಕು.

ಬ್ರೇಕ್ ನೋಡುವುದು ಇಳುಕಲಿನ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ. 40ರಿಂದ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಕೂಪೆಗೆ ವೀಲ್‌ಬೇಸ್ ಗಿಡ್ಡ, ಆದ್ದರಿಂದ ಮೂತಿ ಜಾಸ್ತಿ ಕುಸಿಯುತ್ತದೆ ಅಂತ ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಭಾರ ಎಷ್ಟು ಮುಂದಕ್ಕೆ ಬರುತ್ತದೆ ಅನ್ನುವುದು ಭಾರದ ಎತ್ತರವನ್ನು ವೀಲ್‌ಬೇಸಿನಿಂದ ಭಾಗಿಸಿದಷ್ಟು. ಕೂಪೆ ಗಿಡ್ಡ, ಆದರೆ ತಗ್ಗು ಕೂಡ. ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಇಳಿಯುವಾಗ ಎರಡೂ ಕಾರನ್ನು ಕೆಳಗಿನ ಗೇರಿನಲ್ಲೇ ಇಳಿಸಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕತಗಾಲ ಮುಟ್ಟಿದರೆ ವಾಸನೆ ಬರುತ್ತದೆ, ಆಮೇಲೆ ನೋಡಿದ್ದೆಲ್ಲ ಸುಳ್ಳು.

ಹೇರ್‌ಪಿನ್‌ಗೆ ಇನ್ನೊಂದು ಮಾತು. ತಿರುಗುವಾಗ ಹಿಂದಿನ ಒಳಚಕ್ರ ಮುಂದಿನದಕ್ಕಿಂತ ಒಳಗೆ ಹೋಗುತ್ತದೆ. 10 ಮೀಟರ್ ತ್ರಿಜ್ಯದಲ್ಲಿ ಇದು ಆಕ್ಟೇವಿಯಾಗೆ ಸುಮಾರು 36 ಸೆಂಟಿಮೀಟರ್, ಟಿಟಿಗೆ 31. ಐದೇ ಸೆಂಟಿಮೀಟರ್. ಆದರೆ ಎಡ ಹೇರ್‌ಪಿನ್‌ನ ಒಳಗೆ ಡಾಂಬರು ಕಿತ್ತ ಅಂಚು ಇದ್ದಾಗ, ಚಕ್ರ ಅದಕ್ಕೆ ಬೀಳುವುದೋ ಉಳಿಯುವುದೋ ಅನ್ನುವುದು ಆ ಐದು ಸೆಂಟಿಮೀಟರಿನಲ್ಲಿದೆ.

ಕತಗಾಲದಲ್ಲಿ ಚಾ ಕುಡಿಯುತ್ತ ಬರೆಯಿರಿ. ನೆನಪು ಹಸಿಯಾಗಿರುತ್ತದೆ.

ಹೆಜ್ಜೆ 7: ಹೈವೇ

ದೀವಗಿಯಿಂದ ಅಂಕೋಲಾ, ಹಟ್ಟಿಕೇರಿ ಟೋಲ್, ಕಾರವಾರ. ಇಲ್ಲಿ ಕೇಳಬೇಕಾದ್ದು ಒಂದೇ: ಒಂದು ಗಂಟೆ ಆದ ಮೇಲೆ ನಿಮಗೆ ಎಷ್ಟು ಸುಸ್ತಾಗಿದೆ? ಸದ್ದು ಗಮನಿಸಿ. ಕೂಪೆಯಲ್ಲಿ ಹಿಂದಿನ ಟೈರಿನ ಸದ್ದು ಕಿವಿಗೆ ಹತ್ತಿರ. ಕಡಲ ಗಾಳಿ ಅಡ್ಡ ಬೀಸುವ ಸೇತುವೆಗಳ ಮೇಲೆ ಸ್ಟೇರಿಂಗ್ ಎಷ್ಟು ಸಲ ಸರಿಪಡಿಸಬೇಕಾಯಿತು ಅನ್ನುವುದನ್ನು ಪಕ್ಕದವರು ಎಣಿಸಲಿ. ಟಿಟಿಯ ಸ್ಟೇರಿಂಗ್ ಚುರುಕು, ಆದರೆ ಆ ಚುರುಕೇ ನೇರ ರಸ್ತೆಯಲ್ಲಿ ಸಣ್ಣ ಕೆಲಸ ಕೊಡುತ್ತಿರುತ್ತದೆ. ದನ, ರಾಂಗ್ ಸೈಡಿನಲ್ಲಿ ಬರುವ ಬೈಕು ಎರಡೂ ಇರುವ ರಸ್ತೆ ಇದು. ಸ್ಪೀಡಿನ ಪರೀಕ್ಷೆ ಇಲ್ಲಿ ಬೇಡವೇ ಬೇಡ.

ಹೆಜ್ಜೆ 8: ಪಕ್ಕದಲ್ಲಿ ಕೂತವರ ಮಾತು ಕೇಳಿ

ಓಡಿಸುವವರಿಗೆ ಸ್ಟೇರಿಂಗ್ ಹಿಡಿತ ಇರುತ್ತದೆ, ತಿರುವು ಬರುವುದೂ ಗೊತ್ತಿರುತ್ತದೆ. ಕೂತವರಿಗೆ ಎರಡೂ ಇಲ್ಲ. ಆಯಿಯನ್ನು ಎರಡರಲ್ಲೂ ಮುಂದೆ ಕೂರಿಸಿ ಘಟ್ಟ ಇಳಿಸಿದೆವು. ಆಕೆಗೆ ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆ. ಆಕ್ಟೇವಿಯಾದಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಟಿಟಿಯಲ್ಲಿ ಒಮ್ಮೆಯೂ ಇಲ್ಲ. ನಮಗೆ ಆಶ್ಚರ್ಯ. ಆಮೇಲೆ ಯೋಚಿಸಿದರೆ ಸರಿ ಅನಿಸಿತು: ಟಿಟಿಯಲ್ಲಿ ಮೈ ವಾಲುವುದು ಕಡಿಮೆ, ಸೀಟು ಎರಡು ಬದಿಯಿಂದ ಗಟ್ಟಿ ಹಿಡಿಯುತ್ತದೆ. "ಸೊಂಟ ನೋವು, ಹೊಟ್ಟೆ ಆರಾಮ" ಅಂದಳು. ನಾವಿಬ್ಬರು ಬರೆದ ಎಂಟು ಪುಟಕ್ಕಿಂತ ಈ ಒಂದು ಮಾತು ಹೆಚ್ಚು ಉಪಯೋಗಕ್ಕೆ ಬಂತು.

ಹೆಜ್ಜೆ 9: ಮಳೆಯಲ್ಲಿ ಇನ್ನೊಮ್ಮೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸಲೇಬೇಕಾದ ಊರು ನಮ್ಮದು. ಒಣ ದಿನದ ಹೋಲಿಕೆ ಅರ್ಧ ಮಾತ್ರ. ಆದರೆ ಜೋರು ಮಳೆಯ ದಿನ ಘಟ್ಟಕ್ಕೆ ಹೋಗಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೈವೇ ಮೇಲೆಯೇ ಕುಸಿದದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಮಳೆ ನಿಂತು ರಸ್ತೆ ಒದ್ದೆ ಇರುವ ಬೆಳಗು ಆರಿಸಿ. ಕಡಿದ ಗುಡ್ಡದ ಕೆಳಗೆ ಚಾಕ್ಕೆ, ಫೋಟೋಕ್ಕೆ ಅಂತ ನಿಲ್ಲಬೇಡಿ.

ಅದೇ ಎರಡು ತಿರುವು, ಸ್ಪೀಡು 25. ಮೊದಲೆರಡು ಪರೀಕ್ಷೆ ಮಾತ್ರ ಮಾಡಿ. ಕಾಲು ಎತ್ತುವ ಪರೀಕ್ಷೆ ಒದ್ದೆಯಲ್ಲಿ ಬೇಡ. ಬ್ರೇಕಿನ ಲೆಕ್ಕ ತಲೆಯಲ್ಲಿರಲಿ: ಒಣ ರಸ್ತೆಯಲ್ಲಿ 40ರಿಂದ ನಿಲ್ಲಲು ಸುಮಾರು 9 ಮೀಟರ್ ಬೇಕಾದರೆ, ಜಾರುವ ಒದ್ದೆ ರಸ್ತೆಯಲ್ಲಿ 15 ಮೀಟರ್ ದಾಟುತ್ತದೆ. ಅದೂ ಕಾಲು ಬ್ರೇಕ್ ಮುಟ್ಟಿದ ಮೇಲಿನ ದೂರ. ಹೈವೇಯಲ್ಲಿ ನೀರು ನಿಂತ ಕಡೆ ಅಗಲ ಟೈರಿನ ಹಗುರ ಕಾರು ಬೇಗ ತೇಲುತ್ತದೆ. ಸ್ಟೇರಿಂಗ್ ಒಮ್ಮೆಲೇ ಹಗುರವಾದರೆ ಅದೇ ಸೂಚನೆ. ಏನೂ ಮಾಡದೆ ನೇರ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ನಮ್ಮ ಒದ್ದೆ ದಿನದ ಪುಟದಲ್ಲಿ ಹೀಗಿದೆ. ಏರಿನ ತಿರುವಿನಲ್ಲಿ ಸುಮ್ನೆ ಹತ್ತಿದಾಗಲೂ ಟಿಟಿ ಎಷ್ಟೋ ಮುಂದೆ, ನಾಲ್ಕು ಚಕ್ರದ ಎಳೆತದ ಬೆಲೆ ಅವತ್ತೇ ಗೊತ್ತಾದದ್ದು. ಇಳುಕಲಿನಲ್ಲಿ ಆಕ್ಟೇವಿಯಾ ನಿಶ್ಚಿಂತೆ. ಜಾರುವ ಮೊದಲು ಅದು ನಿಧಾನವಾಗಿ ಹೇಳುತ್ತದೆ, ಸ್ಟೇರಿಂಗ್ ಹಗುರ ಮಾಡುತ್ತದೆ, ಸರಿಪಡಿಸಲು ಸಮಯ ಕೊಡುತ್ತದೆ. ಟಿಟಿ ಬೇಗ ಹೇಳುತ್ತದೆ, ನೀವೂ ಬೇಗ ಕೇಳಿಸಿಕೊಳ್ಳಬೇಕು. ಸೊನ್ನೆಯಿಂದ ಕಲಿಯುವವರಿಗೆ ನಾನು ಸೆಡಾನ್ ಕೊಡುತ್ತೇನೆ. ಹತ್ತು ವರ್ಷ ಘಟ್ಟ ಹತ್ತಿ ಇಳಿದವರಿಗೆ ಕೂಪೆ ಕೊಡುತ್ತೇನೆ. ಮನೆಗೆ ಒಂದೇ ಕಾರು, ಹಿಂದಿನ ಸೀಟಿನಲ್ಲಿ ಮಕ್ಕಳು, ವಾರಕ್ಕೊಮ್ಮೆ ಶಿರಸಿ–ಕಾರವಾರ ಓಡಾಟ ಅಂದರೆ ಆಕ್ಟೇವಿಯಾ ಥರದ್ದೇ ಸರಿ. ನಾನು ನನ್ನದನ್ನು ಇಟ್ಟುಕೊಂಡೆ, ಭಾವ ಅವರದನ್ನು.

ಕೊನೆಗೆ, ಮನೆಗೆ ಬಂದ ಕೂಡಲೇ ಎಂಜಿನ್ ಆರಿಸಬೇಡಿ. ಟರ್ಬೊ ಬಿಸಿಯಾಗಿರುತ್ತದೆ, ಒಂದೆರಡು ನಿಮಿಷ ಹಾಗೇ ಓಡಲಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಎಂಟು ಟೈರಿನ ಗಾಳಿಯನ್ನೂ ಮತ್ತೆ ಅಳೆದು, ಹೊರಡುವ ಮೊದಲು ಬರೆದದ್ದರ ಪಕ್ಕದಲ್ಲಿ ಬರೆಯಿರಿ. ಯಾವುದಾದರೂ ಒಂದರಲ್ಲಿ 2 ಪಿಎಸ್‌ಐಗಿಂತ ಜಾಸ್ತಿ ಕಡಿಮೆಯಾಗಿದ್ದರೆ ಅಲ್ಲಿ ಮೊಳೆ ಹುಡುಕಿ, ಪಂಕ್ಚರ್ ಹಾಕಿಸಿ, ಆ ಕಾರಿನ ಘಟ್ಟದ ಸುತ್ತನ್ನು ಇನ್ನೊಮ್ಮೆ ಮಾಡಿ.